ಮಾಡಿದವನು ಊರಲ್ಲಿಲ್ಲದಾಗ: ವಿನ್ಯಾಸದ ಕಸುಬಿನಲ್ಲಿ ಕಲಿತ ಪಾಠಗಳು

ಕೆ.ಆರ್.ಪೇಟೆಯಲ್ಲಿ ನನ್ನದೊಂದು ಸಣ್ಣ ಕಚೇರಿ ಇದೆ. ಮನೆಯ ಪ್ಲಾನು, ಅಂಗಡಿಯ ಒಳಾಂಗಣ, ರೇಷ್ಮೆ ಹುಳು ಸಾಕುವ ಮನೆ, ಡೈರಿಯ ಕೌಂಟರು, ಊರ ಕಮಾನು, ನಾಮಫಲಕ ಎಲ್ಲವೂ ನನ್ನ ಕಸುಬಿನ ಲೆಕ್ಕಕ್ಕೇ ಬರುತ್ತವೆ. ಪೇಟೆಯಲ್ಲಿ ಒಬ್ಬನೇ ಎಲ್ಲವನ್ನೂ ಮಾಡಬೇಕು, ಇಲ್ಲಿ ಸ್ಪೆಷಲಿಸ್ಟುಗಳಿಗೆ ಅನ್ನ ಹುಟ್ಟುವುದಿಲ್ಲ. ಪಕ್ಕದಲ್ಲೇ ಹೊಸಹೊಳಲು. ಅಲ್ಲಿನ ಲಕ್ಷ್ಮೀನಾರಾಯಣ ಗುಡಿ 1250ರ ಹೊತ್ತಿಗೆ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ ಎದ್ದದ್ದು. ಕಾಲೇಜಿನಲ್ಲಿ ಓದಿದ್ದು ಕೈಕೊಟ್ಟಾಗಲೆಲ್ಲ ನಾನು ಹೋಗಿ ನೋಡುವುದು ಆ ಗುಡಿಯನ್ನೇ. ಕೆಳಗಿನ ಪಾಠಗಳಲ್ಲಿ ಕೆಲವು ಅಲ್ಲಿ ಸಿಕ್ಕಿದವು, ಕೆಲವು ಗಾರೆ ಕೆಲಸದವರಿಂದ, ಇನ್ನು ಕೆಲವು ಗಿರಾಕಿಗಳ ಬೈಗುಳದಿಂದ. ಎಲ್ಲದರ ಹಿಂದೆ ಇರುವ ಅಳತೆಗೋಲು ಒಂದೇ: ಮಾಡಿದವನು ಪಕ್ಕದಲ್ಲಿ ನಿಂತಿರದಿದ್ದರೂ ವಸ್ತು ತನ್ನ ಕೆಲಸ ಮಾಡಿಕೊಂಡು ಹೋಗಬೇಕು.

1. ಮೊದಲು ನೀರು, ಆಮೇಲೆ ಚಂದ

ಮನೆ ಕಟ್ಟಿಸುವವರು ಈಗ ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲ್ ತೆಗೆದು ಒಂದು ಎಲಿವೇಷನ್ ತೋರಿಸುತ್ತಾರೆ. ಅಚ್ಚ ಬಿಳುಪು, ಚಚ್ಚೌಕ, ಸಜ್ಜಾ ಇಲ್ಲ, ಎರಡಾಳೆತ್ತರದ ಗಾಜು. "ಇದೇ ತರ ಬರ್ಬೇಕು ಸಾರ್" ಅನ್ನುತ್ತಾರೆ. ಅವರ ಜೊತೆ ಬಂದ ಮೇಸ್ತ್ರಿ ಚಿತ್ರವನ್ನು ಒಂದು ನಿಮಿಷ ದಿಟ್ಟಿಸಿ, "ಸರಿ, ನೀರು ಎಲ್ಲಿಗೆ ಹೋಯ್ತದೆ?" ಎಂದು ಕೇಳುತ್ತಾನೆ. ಇಡೀ ವಿನ್ಯಾಸಶಾಸ್ತ್ರದಲ್ಲಿ ಇದಕ್ಕಿಂತ ಒಳ್ಳೆಯ ಮೊದಲ ಪ್ರಶ್ನೆ ನನಗೆ ಸಿಕ್ಕಿಲ್ಲ.

ಮಂಡ್ಯ ಸೀಮೆಗೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಗಾಳಿಯ ಜೊತೆ ಓರೆಯಾಗಿ ಹೊಡೆಯುತ್ತದೆ. ಸಜ್ಜಾ ಇಲ್ಲದ ಗೋಡೆ ಎರಡು ಹಿಂಗಾರು ಕಳೆಯುವುದರೊಳಗೆ ಕಿಟಕಿಯ ಮೂಲೆಯಿಂದ ಕಪ್ಪು ಗೆರೆ ಇಳಿಸಿಕೊಂಡು ನಿಲ್ಲುತ್ತದೆ. ಮೂರನೇ ವರ್ಷ ಒಳಗಡೆ ಸುಣ್ಣ ಹೊಪ್ಪಳಿಸುತ್ತದೆ. ಮೊಬೈಲಿನ ಚಿತ್ರದಲ್ಲಿ ಮಳೆಗಾಲ ಇರುವುದಿಲ್ಲವಲ್ಲ.

ಹೊಸಹೊಳಲಿನ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಓದಿ ನೋಡಿ. ಮಾಳಿಗೆ ಗೋಡೆಯನ್ನು ಸೇರುವಲ್ಲಿ ಒಂದು ಚಾಚು ಸೂರು. ಅದಕ್ಕಿಂತ ಸುಮಾರು ಒಂದು ಮೀಟರ್ ಕೆಳಗೆ ಇನ್ನೊಂದು. ಎರಡರ ನಡುವೆ ಪುಟ್ಟ ಪುಟ್ಟ ಶಿಖರಗಳ ಅಲಂಕಾರ. ಎರಡನೆಯ ಸೂರಿನ ಅಡಿಯಲ್ಲಿ ದೇವರ ದೊಡ್ಡ ವಿಗ್ರಹಗಳ ಸಾಲು, ಅವುಗಳ ಕೆಳಗೆ ಆರು ಪಟ್ಟಿಕೆಗಳು. ಒಂದು ಸೂರು ಸಾಕಿತ್ತಲ್ಲ, ಎರಡು ಯಾಕೆ ಎಂದು ಕೇಳಿಕೊಂಡರೆ ಉತ್ತರ ಗೋಡೆಯ ಎದುರೇ ಇದೆ. ಮೇಲಿನ ಸೂರಿಂದ ಬಿದ್ದ ಹನಿ ಗಾಳಿಗೆ ಒಳಕ್ಕೆ ತಿರುಗಿದರೆ ಎರಡನೆಯದು ಅದನ್ನು ತಡೆದು ಹೊರಕ್ಕೆ ಎಸೆಯುತ್ತದೆ. ಹೆಚ್ಚು ನಾಜೂಕಿನ ಕೆತ್ತನೆ ಇರುವುದು ಅದರ ನೆರಳಲ್ಲೇ. ಅದು ನೋಡಲೂ ಚಂದ. ಶಿಲ್ಪಿ ಯಾವುದನ್ನು ಮೊದಲು ಯೋಚಿಸಿದನೋ ನಾನು ಹೇಳಲಾರೆ. ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಲಿಲ್ಲ ಎಂದೇ ನನ್ನ ಅನಿಸಿಕೆ.

ನನ್ನ ಗಿರಾಕಿಗಳಿಗೆ ಈಗ ಒಂದು ಷರತ್ತು: ಚಚ್ಚೌಕ ಬೇಕಾದರೆ ಮಾಡಿಕೊಡುತ್ತೇನೆ, ಎರಡಡಿ ಸಜ್ಜಾ ಮತ್ತು ಅದರ ಅಂಚಿನ ಕೆಳಗೆ ನೀರು ತೊಟ್ಟಿಕ್ಕಲು ಒಂದು ಗಾಡಿ, ಅಂದರೆ ಸಣ್ಣ ತೋಡು, ಇರಲೇಬೇಕು. ಬೆರಳಗಲದ ಆ ಗಾಡಿಗೆ ಖರ್ಚು ಏನೂ ಇಲ್ಲ. ಅದಿಲ್ಲದಿದ್ದರೆ ನೀರು ಸಜ್ಜಾದ ಹೊಟ್ಟೆಯ ಕೆಳಗೆ ಹರಿದು ಮತ್ತೆ ಗೋಡೆಗೇ ಬರುತ್ತದೆ.

2. ಬೋರ್ಡು ಹಾಕಬೇಕಾಗಿ ಬಂದರೆ ಕೆಲಸ ಇನ್ನೂ ಮುಗಿದಿಲ್ಲ

"ಇಲ್ಲಿ ಚಪ್ಪಲಿ ಬಿಡಬೇಡಿ", "ಬಾಗಿಲು ತಳ್ಳಿ, ಎಳೆಯಬೇಡಿ", "ಸಾಲಾಗಿ ಬನ್ನಿ". ಇಂಥ ಬೋರ್ಡು ಕಂಡಲ್ಲೆಲ್ಲ ನಾನು ಬೋರ್ಡನ್ನು ಬಿಟ್ಟು ಅದರ ಸುತ್ತಲಿನದನ್ನು ನೋಡುತ್ತೇನೆ. ತಳ್ಳಬೇಕಾದ ಬಾಗಿಲಿಗೆ ಹಿಡಿಕೆ ಕೂರಿಸಿದ್ದಾರೆ. ಹಿಡಿಕೆ ಕಂಡ ಕೈ ಎಳೆಯದೆ ಇನ್ನೇನು ಮಾಡೀತು?

ಹೊಸಹೊಳಲು ಗುಡಿ ನಿಂತಿರುವ ಜಗತಿಯ ಅಂಚು ಗುಡಿಯ ಆಕಾರವನ್ನೇ ಹಿಂಬಾಲಿಸುತ್ತದೆ. ಗೋಡೆ ಮುಂದೆ ಚಾಚಿದಲ್ಲಿ ಜಗತಿಯೂ ಚಾಚುತ್ತದೆ, ಒಳಸರಿದಲ್ಲಿ ಒಳಸರಿಯುತ್ತದೆ. ಹೀಗಾಗಿ ನಡೆಯುವವರು ಗೋಡೆಯಿಂದ ತೀರ ದೂರ ಹೋಗುವುದಿಲ್ಲ, ಮೈ ತಾಗುವಷ್ಟು ಹತ್ತಿರವೂ ಬರುವುದಿಲ್ಲ. ಪಕ್ಕದಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳ ಪಟ್ಟಿಕೆ. ಓದು ಬರದವರೂ ನಡೆಯುತ್ತಾ ಓದಿಬಿಡುತ್ತಾರೆ. ಪ್ರದಕ್ಷಿಣೆ ಇಲ್ಲಿ ಮಾಡಿ ಎಂದು ಯಾರೂ ಬರೆದಿಲ್ಲ.

ನಮ್ಮ ಕಾಲದಿಂದ ಒಂದು ಉದಾಹರಣೆ ಹೇಳಿ ಎಂದರೆ ನಾನು ಮತಯಂತ್ರವನ್ನು ತೋರಿಸುತ್ತೇನೆ. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಅದಕ್ಕೆ ರೂಪ ಕೊಟ್ಟವರಲ್ಲಿ ಐಐಟಿ ಬಾಂಬೆಯ ಕೈಗಾರಿಕಾ ವಿನ್ಯಾಸ ಕೇಂದ್ರದ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಇದ್ದಾರೆ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಪ್ರಯೋಗ. 2004ರ ಲೋಕಸಭಾ ಚುನಾವಣೆ ಹೊತ್ತಿಗೆ ಇಡೀ ದೇಶ ಅದರಲ್ಲೇ ಮತ ಹಾಕಿತು. ಆ ಪೆಟ್ಟಿಗೆಯ ವಿನ್ಯಾಸಕಾರರಿಗೆ ಎದುರಾದ ಷರತ್ತನ್ನು ಯೋಚಿಸಿ. ಬಳಸುವವಳು ತೊಂಬತ್ತರ ಅಜ್ಜಿಯಾಗಿರಬಹುದು. ಐದು ವರ್ಷಕ್ಕೆ ಒಂದೆರಡು ಸಲವಷ್ಟೇ ಅದನ್ನು ಮುಟ್ಟುತ್ತಾಳೆ. ಮತ ಗುಟ್ಟಿನದಾದ್ದರಿಂದ ಪಕ್ಕದಲ್ಲಿ ನಿಂತು ಹೇಳಿಕೊಡುವವರಿಲ್ಲ. ಉಳಿದದ್ದು ಚಿಹ್ನೆ, ಅದರ ನೇರಕ್ಕೆ ನೀಲಿ ಗುಂಡಿ, ಒತ್ತಿದರೆ ಹೊತ್ತಿಕೊಳ್ಳುವ ದೀಪ, ಉದ್ದನೆಯ 'ಬೀಪ್'. ಮತಯಂತ್ರದ ಬಗ್ಗೆ ರಾಜಕೀಯದವರ ಜಗಳ ಏನೇ ಇರಲಿ, ಗುಂಡಿ ಒತ್ತಲು ಗೊತ್ತಾಗಲಿಲ್ಲ ಎಂದು ನಮ್ಮೂರಿನ ಯಾವ ಅಜ್ಜಿಯೂ ವಾಪಸು ಬಂದಿಲ್ಲ.

ಈ ಅಳತೆಯಲ್ಲಿ ನಮ್ಮ ಅರ್ಜಿಯ ಆ್ಯಪುಗಳನ್ನು ತೂಗಿದರೆ ನಗು ಬರುತ್ತದೆ. ರೈತ ಮನೆಯಲ್ಲೇ ಕೂತು ಅರ್ಜಿ ಹಾಕಲಿ ಎಂದು ಮಾಡಿದ್ದು, ಕೊನೆಗೆ ಜೆರಾಕ್ಸ್ ಅಂಗಡಿಯ ಹುಡುಗನಿಗೆ ಐವತ್ತು ರೂಪಾಯಿ ಕೊಟ್ಟು ಒಟಿಪಿ ಹೇಳುವಲ್ಲಿಗೆ ಬಂದು ನಿಂತಿದೆ. ಆ ಹುಡುಗನೇ ಅದರ ವಿನ್ಯಾಸದ ತೇಪೆ. ಅದೇ ಬೀದಿಯ ಟೀ ಅಂಗಡಿಯಲ್ಲಿ ದುಡ್ಡು ಬಂತೆಂದು ಕನ್ನಡದಲ್ಲಿ ಕೂಗಿ ಹೇಳುವ ಡಬ್ಬಿ ಇದೆ. ಹಾಲು ಉಕ್ಕದಂತೆ ನೋಡಿಕೊಳ್ಳುತ್ತಲೇ ಅಂಗಡಿಯವಳಿಗೆ ಲೆಕ್ಕ ಗೊತ್ತಾಗುತ್ತದೆ, ಕೈ ತೊಳೆದು ಫೋನ್ ಹಿಡಿಯಬೇಕಿಲ್ಲ. ಅದನ್ನು ಯೋಚಿಸಿದವರು ಯಾರೋ ಒಮ್ಮೆಯಾದರೂ ಟೀ ಅಂಗಡಿಯಲ್ಲಿ ಹೊತ್ತು ಕಳೆದಿರಬೇಕು.

3. ನಿಯಮ ಬಿಗಿಯಾಗಿರಲಿ, ಕೈಗೆ ಸಡಿಲ ಇರಲಿ

ಆರು ಪಟ್ಟಿಕೆಗಳೆಂದೆನಲ್ಲ, ಕೆಳಗಿನಿಂದ: ಆನೆ, ಕುದುರೆ ಸವಾರರು, ಬಳ್ಳಿ, ಕಥೆ, ಮಕರ, ಹಂಸ. ಪಟ್ಟಿಕೆಯ ಎತ್ತರ ನಿಗದಿ, ಯಾವುದರ ಮೇಲೆ ಯಾವುದೆಂಬುದೂ ನಿಗದಿ. ಆನೆಯ ಸೊಂಡಿಲು ಏನು ಮಾಡಬೇಕೆಂಬುದು ಮಾತ್ರ ಕೆತ್ತುವವನಿಗೆ ಬಿಟ್ಟದ್ದು. ಅನೇಕರು ಏಕಕಾಲಕ್ಕೆ ಬೇರೆ ಬೇರೆ ಕಡೆ ಕೂತು ಕೆತ್ತಿದರೂ ಸಾಲು ಎಲ್ಲೂ ಮುರಿಯದೇ ಇರುವುದಕ್ಕೆ ಈ ಏರ್ಪಾಡೇ ಕಾರಣ. ಕೈಗಳು ಬೇರೆ ಬೇರೆ ಎನ್ನುವುದಕ್ಕೆ ಹೊಯ್ಸಳರಲ್ಲಿ ಸಾಕ್ಷಿಗೂ ಕೊರತೆಯಿಲ್ಲ, ಶಿಲ್ಪಿಗಳು ಹೆಸರು ಕೊರೆದಿದ್ದಾರೆ. ನಮ್ಮದೇ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮ ಸೋಮನಾಥಪುರದಲ್ಲೂ ಇದ್ದಾನೆ. ಆಳುಗಳ ಹೆಸರು ಅಳಿಸಿ ಯಜಮಾನನ ಹೆಸರನ್ನಷ್ಟೇ ಉಳಿಸುವ ಇಂದಿನ ಕಚೇರಿಗಳಿಗಿಂತ ಆ ಲೆಕ್ಕ ಎಷ್ಟೋ ವಾಸಿ.

ನನ್ನ ಡ್ರಾಯಿಂಗಿನಲ್ಲೂ ಈಗ ಎರಡು ಭಾಗ. ಮುಟ್ಟಬಾರದ ಅಳತೆಗಳು ಕೆಂಪಿನಲ್ಲಿ: ಬಾಗಿಲಿನ ಅಗಲ, ನೆಲದ ಇಳಿಜಾರು, ಕಬ್ಬಿಣದ ಅಂತರ. ಉಳಿದದ್ದು ಕೆಲಸದವರಿಗೆ. ಇಟ್ಟಿಗೆಯ ಜಾಲಿಗೆ ಎಷ್ಟು ಸಂದು ಬಿಡಬೇಕೆಂದು ಹೇಳುತ್ತೇನೆ, ಚಿತ್ತಾರ ಗಾರೆಯವನದು. ಹೀಗೆ ಬಿಟ್ಟ ಮೇಲೆ ಕೆಂಪು ಅಳತೆಗಳನ್ನು ಅವರು ಮೊದಲಿಗಿಂತ ಹೆಚ್ಚು ನಿಷ್ಠೆಯಿಂದ ಕಾಯುತ್ತಾರೆ.

4. ಎಲ್ಲದಕ್ಕೂ ಶಿಖರ ಬೇಡ

ಹೊಸಹೊಳಲಿನದು ತ್ರಿಕೂಟ: ಮೂರು ಗರ್ಭಗುಡಿ, ಒಂದೇ ಶಿಖರ. ನಡುವಿನದಕ್ಕೆ ಮಾತ್ರ. ಸೋಮನಾಥಪುರದಲ್ಲಿ ಮೂರಕ್ಕೂ ಇದೆ, ಅದರ ಗತ್ತೇ ಬೇರೆ. ಆದರೆ ಒಂದೇ ಶಿಖರದಿಂದ ಇಲ್ಲಿ ಏನೂ ಕಡಿಮೆಯಾದಂತೆ ಅನ್ನಿಸುವುದಿಲ್ಲ. ದುಡ್ಡು ಉಳಿದಿದೆ ಎಂದು ಕಾಂಪೌಂಡಿಗೂ ನೀರಿನ ಟ್ಯಾಂಕಿಗೂ ಗ್ರಾನೈಟ್ ಹೊದಿಸಲು ಹೊರಡುವವರನ್ನು ನಾನು ಇಲ್ಲಿಗೆ ಕರೆತರುತ್ತೇನೆ.

5. ಕಾವಲುಗಾರ ನಿದ್ದೆ ಹೋದಾಗ

ನಾವಿರುವುದು ನೀರಾವರಿ ಸೀಮೆ. ಇಲ್ಲಿ ಹುಟ್ಟಿದವರಿಗೆ 124.80 ಅಡಿ ಎಂದರೆ ಕನ್ನಂಬಾಡಿ (ಕೆಆರ್‌ಎಸ್) ತುಂಬಿದ ಲೆಕ್ಕ ಎಂದು ಬಿಡಿಸಿ ಹೇಳಬೇಕಿಲ್ಲ. 1911ರಲ್ಲಿ ಶುರುವಾದ ಆ ಅಣೆಕಟ್ಟೆಯ ಸುರ್ಕಿ ಗಾರೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಬಾಗಿಲುಗಳು. ಅವುಗಳನ್ನು ಮೊದಲು ಪುಣೆಯ ಖಡಕ್‌ವಾಸ್ಲಾದಲ್ಲಿ ಕೂರಿಸಿದ್ದರು, ಆಮೇಲೆ ಇಲ್ಲಿಗೂ ಬಂದವು. ನೀರು ಮಟ್ಟ ಮುಟ್ಟಿದರೆ ತಾವೇ ತೆರೆದುಕೊಳ್ಳುವ, ಇಳಿದರೆ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳು ಅವು.

ಇದಕ್ಕಿಂತಲೂ ಒಂದು ಕೈ ಮೇಲಿನದು ನಾಗಮಂಗಲದ ಗಡಿಗೆ ಅಂಟಿಕೊಂಡ ಮಾರ್ಕೋನಹಳ್ಳಿಯಲ್ಲಿದೆ. ಶಿಂಷಾ ನದಿಯ ಆ ಜಲಾಶಯದ ಸೈಫನ್ ಮೈಸೂರು ಸಂಸ್ಥಾನದ ಇಂಜಿನಿಯರ್ ಗಣೇಶ್ ಅಯ್ಯರ್ ಅವರ ಆಲೋಚನೆ. ಅದರಲ್ಲಿ ಎತ್ತಿಳಿಸುವ ಬಾಗಿಲೇ ಇಲ್ಲ. ನೀರು ಗರಿಷ್ಠ ಮಟ್ಟ ದಾಟಿ ಸೈಫನ್ನಿನ ಬಾಯಿಗೆ ಉಕ್ಕಿದಾಗ, ಅಲ್ಲಿನ ಸುರುಳಿ ತಿರುವುಗಳಿಂದಾಗಿ ಸುಳಿಯೆದ್ದು ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದೊಡನೆ ಸೈಫನ್ ಹಿಡಿದು ಕೊಳವೆ ತುಂಬ ನೀರು ಧುಮುಕುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕರೆ ತಾನೇ ನಿಲ್ಲುತ್ತದೆ. ಕರೆಂಟ್ ಬೇಡ, ಚಕ್ರ ತಿರುಗಿಸುವ ಆಳು ಬೇಡ, ಅಪರಾತ್ರಿಯಲ್ಲಿ ಮೇಲಧಿಕಾರಿಯ ಅಪ್ಪಣೆಗೆ ಕಾಯುವುದೂ ಬೇಡ.

'ಸ್ಮಾರ್ಟ್' ಎಂದು ಇಂದು ಮಾರುವ ಸಾಮಾನು ಮೂರು ದಿನ ನೆಟ್‌ವರ್ಕ್ ಇಲ್ಲದಿದ್ದರೆ ಏನು ಮಾಡುತ್ತದೆ ಎಂದು ಅಂಗಡಿಯವನನ್ನು ಕೇಳಿ. ಮುಂದಿನ ದಿನಗಳ ಮಳೆ ಹೀಗೇ ಬರುತ್ತದೆಂದು ಹೇಳುವಂತಿಲ್ಲದಿರುವಾಗ ನಾನು ಮಾರ್ಕೋನಹಳ್ಳಿಯ ಕಡೆಗೇ ವಾಲುತ್ತೇನೆ.

6. ಬಿಚ್ಚಲು ಬರುವಂತೆ ಕಟ್ಟು

ರೇಷ್ಮೆ ಬೆಳೆಯುವ ಮನೆಗಳಲ್ಲಿ ಚಂದ್ರಿಕೆಯನ್ನು ನೋಡಿದ್ದೀರಾ? ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಹೆಣೆದಿರುತ್ತಾರೆ. ಸುರುಳಿಯ ಸಂದು ಒಂದು ಹುಳು ಗೂಡು ಕಟ್ಟಿಕೊಳ್ಳಲು ಬೇಕಾದಷ್ಟೇ. ಹಣ್ಣಾದ ಹುಳುಗಳನ್ನು ಅದರ ಮೇಲೆ ಬಿಟ್ಟು ನೆರಳಲ್ಲಿ ಓರೆಯಾಗಿ ನಿಲ್ಲಿಸುತ್ತಾರೆ. ಗೂಡು ಕಟ್ಟುವ ಮುಂಚೆ ಹುಳು ಕೊನೆಯ ಸಲ ಉಚ್ಚೆ ಹೊಯ್ಯುತ್ತದೆ. ಆ ತೇವ ನಿಂತರೆ ಗೂಡು ಹಾಳು, ನೂಲು ಸರಿಯಾಗಿ ಬಿಚ್ಚುವುದಿಲ್ಲ. ಓರೆ ನಿಲ್ಲಿಸಿದ ಚಾಪೆಯ ಸಂದಿನಲ್ಲಿ ಅದು ಸೋರಿ ಗಾಳಿಗೆ ಆರುತ್ತದೆ. ಒಂದು ಪಟ್ಟಿ ಮುರಿದರೆ ಮೇದರವರು ಅಷ್ಟನ್ನೇ ಬದಲಾಯಿಸಿ ಕೊಡುತ್ತಾರೆ.

ಈಗ ಮಡಚುವ ಪ್ಲಾಸ್ಟಿಕ್ ಬಲೆಗಳು ಬಂದಿವೆ. ಅವುಗಳ ಬಗ್ಗೆ ಹಳಬರ ಹಾಗೆ ಮೂಗು ಮುರಿಯಲಾರೆ. ಚಂದ್ರಿಕೆ ಆಳುದ್ದಕ್ಕೂ ಮಿಕ್ಕಿದ್ದು, ಎತ್ತಲು ಇಬ್ಬರು ಬೇಕು, ಮಡಚಲು ಬರುವುದಿಲ್ಲ. ಆಳು ಸಿಗದ ಕಾಲದಲ್ಲಿ ಪ್ಲಾಸ್ಟಿಕ್ಕನ್ನು ಒಬ್ಬ ಹೆಂಗಸು ಒಂದೇ ಕೈಯಲ್ಲಿ ಎತ್ತಿಡುತ್ತಾಳೆ. ತಿರುಗುವ ರಟ್ಟಿನ ಚಂದ್ರಿಕೆಯೂ ಇದೆ. ಹುಳುಗಳು ಮೇಲಕ್ಕೇ ಹತ್ತುವ ಸ್ವಭಾವದವು. ಮೇಲ್ಭಾಗ ಭಾರವಾದಾಗ ಚೌಕಟ್ಟು ತಾನೇ ಉರುಳಿ ಖಾಲಿ ಭಾಗ ಮೇಲೆ ಬರುತ್ತದೆ. ಹುಳುವಿನ ಸ್ವಭಾವವನ್ನೇ ಯಂತ್ರ ಮಾಡಿಕೊಂಡ ಆ ಬುದ್ಧಿಗೆ ನಮಸ್ಕಾರ. ನನ್ನ ತಕರಾರು ಇರುವುದು ಒಂದೇ ವಿಷಯದಲ್ಲಿ: ಹರಿದ ಪ್ಲಾಸ್ಟಿಕ್ ಬಲೆಗೆ ನಮ್ಮೂರಲ್ಲಿ ರಿಪೇರಿಯಿಲ್ಲ, ಅದು ತಿಪ್ಪೆಗೇ ಹೋಗುತ್ತದೆ.

ಬಿಚ್ಚಲು ಬರುವಂತೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಗೆ ಹೋಗಬೇಕು. ಕೆಆರ್‌ಎಸ್ ಹಿನ್ನೀರಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಖೋಡೇಸ್ ಪ್ರತಿಷ್ಠಾನದವರು ಕಲ್ಲು ಕಲ್ಲಾಗಿ ಕಳಚಿ ಎತ್ತರದ ಜಾಗಕ್ಕೆ ತಂದು ಮತ್ತೆ ಜೋಡಿಸಿದರು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದ ಕಟ್ಟಡವಾದ್ದರಿಂದ ಇದು ಸಾಧ್ಯವಾಯಿತು. ನಾವು ಇಂದು ಸುರಿಯುತ್ತಿರುವ ಕಾಂಕ್ರೀಟನ್ನು ನಾಳೆ ಒಡೆದರೆ ಸಿಗುವುದು ಪುಡಿ ಮತ್ತು ತುಕ್ಕು ಕಬ್ಬಿಣ. ನಾನೂ ಕಾಂಕ್ರೀಟನ್ನೇ ಸುರಿಸುತ್ತೇನೆ, ಬೇರೆ ದಾರಿ ಕಡಿಮೆ. ಆದರೆ ಶೆಡ್ಡು, ಚಾವಣಿ, ಕಪಾಟುಗಳನ್ನು ವೆಲ್ಡಿಂಗ್ ಬಿಟ್ಟು ಬೋಲ್ಟು ನಟ್ಟಿನಲ್ಲಿ ಮಾಡಿಸುತ್ತೇನೆ. ಮಗ ಬೇರೆ ಮನೆ ಮಾಡಿದಾಗ ಅರ್ಧ ಶೆಡ್ಡು ಬಿಚ್ಚಿಕೊಂಡು ಹೋಗಲಿ.

7. ಒತ್ತಿಗೆ ಜಾಗ ಬಿಡಿ

ಇದು ನಾಮಫಲಕ ಮಾಡಿಸುವ ಎಲ್ಲರಿಗೂ. 'ಕೃಷ್ಣರಾಜಪೇಟೆ' ಎಂದು ಬರೆಯಿರಿ. ಕೃವಿನ ಕೆಳಗೆ ವಟ್ರಸುಳಿ, ಷ್ಣದ ಕೆಳಗೆ ಣ ಒತ್ತು. 'ಶ್ರೀರಂಗಪಟ್ಟಣ'ದಲ್ಲಿ ರ ಒತ್ತು, ಟ ಒತ್ತು. ಕನ್ನಡದ ಸಾಲಿಗೆ ನೆಲಮಾಳಿಗೆ ಇದೆ. ಇಂಗ್ಲಿಷ್ ಸಾಲಿನ ಅಳತೆಗೆ ಫಲಕ ಕತ್ತರಿಸಿ ಆಮೇಲೆ ಕನ್ನಡ ತುರುಕಿದರೆ ಎರಡರಲ್ಲಿ ಒಂದು ಆಗುತ್ತದೆ: ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ, ಇಲ್ಲವೇ ಅಕ್ಷರಗಳನ್ನೆಲ್ಲ ಕುಗ್ಗಿಸಿ ಕನ್ನಡವನ್ನು ಇಂಗ್ಲಿಷಿನ ಮುಂದೆ ಕುಳ್ಳಗೆ ಮಾಡಬೇಕಾಗುತ್ತದೆ. ಹೆದ್ದಾರಿಯಲ್ಲಿ ಗಾಡಿ ಓಡಿಸುವವನಿಗೆ ಎರಡೂ ಓದಲಾಗದು. ಮೊದಲು ಕನ್ನಡದ ಸಾಲನ್ನು ಬರೆದು, ಅದಕ್ಕೆ ತಕ್ಕ ಹಲಗೆ ಕತ್ತರಿಸಿ. ಮೊಬೈಲ್ ಪರದೆ ಮಾಡುವ ಹುಡುಗ ಹುಡುಗಿಯರಿಗೂ ಇದೇ ಮಾತು. ಗುಂಡಿಯ ಮೇಲಿನ ಕನ್ನಡದ ಒತ್ತು ಅರ್ಧ ಕತ್ತರಿಸಿದ್ದನ್ನು ನೋಡಿ ನೋಡಿ ಸಾಕಾಗಿದೆ.

8. ಮನೆ ಕಟ್ಟಿಸುವವನು ಬೆಂಗಳೂರಲ್ಲಿ, ಇರುವವಳು ಊರಲ್ಲಿ

ಹಳ್ಳಿಯ ಹೊಸ ಮನೆಗಳಿಗೆ ದುಡ್ಡು ಬರುವುದು ಬೆಂಗಳೂರಿನಿಂದ. ಮಗನಿಗೆ ಡುಪ್ಲೆಕ್ಸ್ ಬೇಕು, ಮೇಲೆ ತನಗೊಂದು ರೂಮು, ಬಾತ್‌ರೂಮಿಗೆ ಹೊಳೆಯುವ ಟೈಲ್ಸು. ವರ್ಷದಲ್ಲಿ ಹಬ್ಬಕ್ಕೆ, ಜಾತ್ರೆಗೆ ಬರುತ್ತಾನೆ. ಉಳಿದ ದಿನಗಳಲ್ಲಿ ಇರುವವರು ಮಂಡಿನೋವಿನ ಅವ್ವ, ಅಪ್ಪ. ನಾನು ಪ್ಲಾನು ಗೀಚುವ ಮೊದಲು ಅವ್ವನ ಜೊತೆ ಹಳೆಯ ಮನೆಯಲ್ಲೇ ಒಂದು ಸುತ್ತು ಹಾಕುತ್ತೇನೆ. "ರಾತ್ರಿ ಎದ್ದರೆ ಯಾವ ಕಡೆ ಹೋಯ್ತೀರವ್ವಾ? ರಾಗಿ ಎಲ್ಲಿ ಒಣಗಿಸ್ತೀರಿ? ಯಾರಾದ್ರೂ ಬಂದ್ರೆ ಎಲ್ಲಿ ಕೂರಿಸ್ತೀರಿ?" ಕೊನೆಯ ಪ್ರಶ್ನೆಗೆ ಹೆಚ್ಚಿನವರ ಉತ್ತರ, ಜಗುಲಿ. ಮಗನ ಎಲಿವೇಷನ್ನಿನಲ್ಲಿ ಜಗುಲಿ ಇರುವುದೇ ಇಲ್ಲ.

ಹೀಗೆ ಕೇಳಿದ ಮೇಲೆ ಮಲಗುವ ಕೋಣೆ ಕೆಳಗೆ ಬರುತ್ತದೆ, ಮೆಟ್ಟಿಲು ಆರು ಇಂಚಿಗಿಂತ ಏರುವುದಿಲ್ಲ, ಬಚ್ಚಲ ನೆಲ ಒರಟಾಗುತ್ತದೆ, ಗೋಡೆಗೆ ಹಿಡಿದುಕೊಳ್ಳಲು ಸರಳು ಬರುತ್ತದೆ. ಸರಳಿಗೆ ಮೊದಲು ಒಪ್ಪುವುದಿಲ್ಲ. "ನಮ್ಮವ್ವಂಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ ಸಾರ್" ಅನ್ನುತ್ತಾರೆ. ಟವೆಲ್ ಹಾಕಲು ಎಂದು ಹೇಳಿ ಗಟ್ಟಿ ಸರಳನ್ನೇ ಕೂರಿಸುತ್ತೇನೆ. ನಮ್ಮ ಹಳ್ಳಿಗಳಲ್ಲಿ ಈ ಕಸುಬಿಗೆ ಮುಂದೆ ಬರುವ ದೊಡ್ಡ ಕೆಲಸ ಇದೇ ಇರಬೇಕು. ಮ್ಯಾಗಜಿನ್ನಿನ ಮುಖಪುಟಕ್ಕೆ ಬರುವ ಕೆಲಸವಲ್ಲ.

9. ಚಿತ್ರ ಅಗ್ಗವಾಯಿತು, ಅಳತೆ ಅಗ್ಗವಾಗಿಲ್ಲ

ಹೊಯ್ಸಳ ಶೈಲಿಯ ಊರ ಕಮಾನು ಬೇಕೆಂದು ಬಂದವರೊಬ್ಬರು ಎಐ ಬರೆದ ಚಿತ್ರ ತಂದಿದ್ದರು. ದೂರದಿಂದ ಭರ್ಜರಿಯಾಗಿತ್ತು. ಹತ್ತಿರದಿಂದ ನೋಡಿದರೆ ಕಂಬದ ಮೇಲೆ ಬೋದಿಗೆಯಿಲ್ಲ, ಆನೆಗೆ ಐದು ಕಾಲು, ತಮಿಳುನಾಡಿನ ಗೋಪುರ ಅರ್ಧ, ಮೊಘಲರ ಗುಮ್ಮಟ ಅರ್ಧ. ಕಮಾನಿನ ಕೆಳಗೆ ಕಬ್ಬಿನ ಲಾರಿ ದಾಟಲು ಎತ್ತರ ಸಾಕೇ ಎಂದಂತೂ ಎಐಯನ್ನು ಯಾರೂ ಕೇಳಿರಲಿಲ್ಲ. ಬೆಟ್ಟದಷ್ಟು ಎತ್ತರಕ್ಕೆ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರು, ಲಾರಿಗಳು ನಮ್ಮ ರಸ್ತೆಗಳ ನಿಜವಾದ ಒಡೆಯರು. ಅವುಗಳ ಲೋಡಿನ ಎತ್ತರವನ್ನು ಆಲೆಮನೆಯ ಮುಂದೆ ನಿಂತು ಟೇಪು ಹಿಡಿದೇ ಅಳೆಯಬೇಕು.

ಎಐ ಬೇಡ ಎನ್ನುವವನು ನಾನಲ್ಲ. ದಿನವೂ ಬಳಸುತ್ತೇನೆ, ಹತ್ತು ಬಗೆಯ ಚಿತ್ರ ತೆಗೆದು ಗಿರಾಕಿಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದಕ್ಕೆ ಅದು ಒಳ್ಳೆಯ ದಾರಿ. ಬಳಪದ ಕಲ್ಲನ್ನು ತಿರುಗಿಸಿ ಕಂಬ ಕಡೆದ ಹೊಯ್ಸಳ ಶಿಲ್ಪಿಗಳೂ ತಮ್ಮ ಕಾಲದ ಯಂತ್ರವನ್ನು ಬಿಡಲಿಲ್ಲ. ಹೊಸಹೊಳಲಿನ ನವರಂಗದ ನಡುವಿನ ನಾಲ್ಕು ಕಂಬಗಳಲ್ಲಿ ತಿರುಗಣೆಯ ಕೆಲಸವೂ ಇದೆ, ಉಳಿಯ ಕೆತ್ತನೆಯೂ ಇದೆ. ತಿರುಗಣೆ ಎಲ್ಲಿ ನಿಲ್ಲಬೇಕು, ಉಳಿ ಎಲ್ಲಿ ಶುರುವಾಗಬೇಕು ಎಂದು ನಿರ್ಧರಿಸಿದವನು ಮನುಷ್ಯ.

ಮಕ್ಕಳನ್ನು ಡಿಸೈನ್ ಓದಲು ಕಳಿಸಬೇಕೆಂದು ಈಗ ಈ ಕಡೆಯ ತಂದೆತಾಯಿಯರೂ ಬಂದು ವಿಚಾರಿಸುತ್ತಾರೆ. ಕಳಿಸಿ. ಅಹಮದಾಬಾದಿನಲ್ಲಿ 1961ರಲ್ಲಿ ಶುರುವಾದ ಎನ್‌ಐಡಿಗೆ ಬೆಂಗಳೂರಿನಲ್ಲೂ ಕ್ಯಾಂಪಸ್ ಇದೆ, ಪ್ರವೇಶ ಪರೀಕ್ಷೆ ಬರೆಯಲಿ. ಚೆನ್ನಾಗಿ ಚಿತ್ರ ಬರೆಯುತ್ತಾನೆ ಎಂಬ ಒಂದೇ ಕಾರಣಕ್ಕೆ ಮಾತ್ರ ಕಳಿಸಬೇಡಿ, ಚಿತ್ರದ ಕೂಲಿ ಇಳಿಯುತ್ತಿದೆ. ಕಳಿಸುವ ಮೊದಲು ಒಂದು ಬೇಸಿಗೆ ರಜದಲ್ಲಿ ಗಾರೆಯವರ ಜೊತೆಗೋ, ಬಡಗಿಯ ಜೊತೆಗೋ, ರೇಷ್ಮೆ ಮನೆಗೋ ಕೆಲಸಕ್ಕೆ ಬಿಡಿ. ಸಂಜೆ ಮನೆಗೆ ಬಂದವನು ದಣಿವಿನ ಮಾತು ಬಿಟ್ಟು, "ಅದನ್ನ ಯಾಕೆ ಹಂಗೆ ಮಾಡ್ತಾರೆ?" ಎಂದು ಕೇಳಿದರೆ ಫೀಸು ಕಟ್ಟಿ.